ಹಿಡಿತದ ಬಲ ಮತ್ತು ಅಂಗೈ ಆರೈಕೆ

ಹಿಡಿತದ ಬಲವೆಂದರೆ ಬೆರಳು, ಹೆಬ್ಬೆರಳು, ಅಂಗೈ ಮತ್ತು ಮುಂಗೈಯ ಸ್ನಾಯುಗಳು ಒಟ್ಟಾಗಿ ಒಂದು ವಸ್ತುವನ್ನು ಹಿಸುಕಲು, ಜಾರದಂತೆ ಹಿಡಿದಿಡಲು ಅಥವಾ ಚಿವುಟಿ ಎತ್ತಲು ತೋರುವ ಬಲ. ಭಾರ ಎತ್ತುವ ಕ್ರೀಡೆಗಳಲ್ಲಿ ಕಾಲು, ಸೊಂಟ, ಬೆನ್ನುಗಳಲ್ಲಿ ಹುಟ್ಟಿದ ಬಲ ಭಾರಕ್ಕೆ ತಲುಪುವುದು ಕೈಯ ಮೂಲಕ. ಕೈ ಸೋತರೆ ಉಳಿದ ದೇಹದಲ್ಲಿ ಕಸುವಿದ್ದರೂ ಭಾರ ಮೇಲೇಳುವುದಿಲ್ಲ. ಕೈ ಸೋಲುವುದಕ್ಕೆ ಎರಡು ಕಾರಣಗಳಿವೆ: ಸ್ನಾಯುವಿನ ಬಲ ಸಾಲದಿರುವುದು, ಇಲ್ಲವೇ ಅಂಗೈಯ ಚರ್ಮ ನೋವು ತಾಳದಿರುವುದು. ಆದ್ದರಿಂದ ಬಲ ಬೆಳೆಸುವ ವ್ಯಾಯಾಮ ಮತ್ತು ಚರ್ಮದ ಆರೈಕೆ ಒಂದೇ ತರಬೇತಿಯ ಎರಡು ಭಾಗಗಳು. ಸ್ನಾಯು, ಸ್ನಾಯುರಜ್ಜು ಮತ್ತು ಚರ್ಮ ಬೇರೆ ಬೇರೆ ವೇಗದಲ್ಲಿ ಭಾರಕ್ಕೆ ಹೊಂದಿಕೊಳ್ಳುತ್ತವೆ. ನಿಧಾನವಾಗಿ ಹೊಂದಿಕೊಳ್ಳುವ ಅಂಶವನ್ನು ನೋಡಿಕೊಂಡು ಭಾರ ಏರಿಸುವುದು ಈ ತರಬೇತಿಯ ಮೂಲ ನಿಯಮ.

ಪರಿಭಾಷೆ

ಈ ಲೇಖನದಲ್ಲಿ ಬಾರ್ ಎಂದರೆ ಬಾರ್‌ಬೆಲ್‌ನ ಉಕ್ಕಿನ ಸರಳು. ಜಿಮ್‌ಗಳಲ್ಲಿ ಇದನ್ನು ರಾಡ್ ಎಂದೂ ಕರೆಯುತ್ತಾರೆ. ಮುಂಗೈ ಎಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ. ಸ್ನಾಯುರಜ್ಜು ಎಂದರೆ ಸ್ನಾಯುವನ್ನು ಎಲುಬಿಗೆ ಬಂಧಿಸುವ ಗಟ್ಟಿ ನಾರು. ಜಡ್ಡು ಎಂದರೆ ಒತ್ತಡ ಮತ್ತು ಉಜ್ಜುವಿಕೆಯಿಂದ ದಪ್ಪವಾದ ಚರ್ಮ. ಬೊಬ್ಬೆ ಎಂದರೆ ಚರ್ಮದ ಪದರಗಳ ನಡುವೆ ನೀರು ತುಂಬಿದ ಗುಳ್ಳೆ. ಹರಿದ ಗಾಯ ಎಂದರೆ ಜಡ್ಡು ಅಥವಾ ಬೊಬ್ಬೆಯ ಮೇಲ್ಪದರ ಕಿತ್ತು ಕೆಳಗಿನ ಚರ್ಮ ತೆರೆದುಕೊಂಡ ಗಾಯ.

ಇತಿಹಾಸ

ಭಾರತದಲ್ಲಿ ಹಿಡಿತದ ಸಾಧನೆ ಮಲ್ಲವಿದ್ಯೆಯ ಅಂಗವಾಗಿ ಬೆಳೆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ ಮತ್ತು ಅಭ್ಯಾಸಗಳ ವಿವರಣೆಯಿದೆ. ಭಾರ ಎತ್ತುವ ಭಾರಶ್ರಮ ಮತ್ತು ಕಂಬದ ಮೇಲೆ ಮಾಡುವ ಸ್ತಂಭಶ್ರಮ ಆ ಅಭ್ಯಾಸಗಳಲ್ಲಿ ಸೇರಿವೆ. ಗರಡಿಮನೆಗಳಲ್ಲಿ ಬಳಕೆಯಲ್ಲಿರುವ ಗದೆಯಲ್ಲಿ ಭಾರವೆಲ್ಲ ಕೋಲಿನ ಒಂದು ತುದಿಯಲ್ಲಿರುತ್ತದೆ. ಅದನ್ನು ಭುಜದ ಹಿಂದೆ ಬೀಸಿ ತರುವಾಗ ಬೆರಳು ಮತ್ತು ಮಣಿಕಟ್ಟುಗಳು ಪ್ರತಿ ಸುತ್ತಿನಲ್ಲೂ ಕೋಲು ಜಾರದಂತೆ ಬಿಗಿಯಾಗಬೇಕಾಗುತ್ತದೆ. ಹಗ್ಗದ ಮಲ್ಲಕಂಬದಲ್ಲಿ ದೇಹದ ಪೂರ್ಣ ತೂಕವನ್ನು ಕೈ ಮತ್ತು ಕಾಲ್ಬೆರಳುಗಳ ಹಿಡಿತವೇ ಹೊರುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಸಂಗ್ರಾಣಿ ಕಲ್ಲು, ಗುಂಡುಕಲ್ಲು ಮತ್ತು ಧಾನ್ಯದ ಚೀಲ ಎತ್ತುವ ಸ್ಪರ್ಧೆಗಳೂ ಈ ಪರಂಪರೆಗೆ ಸೇರಿದವು. ದುಂಡು ಕಲ್ಲಿಗೆ ಹಿಡಿ ಇರುವುದಿಲ್ಲ. ಅಂಗೈಯನ್ನು ಅಗಲವಾಗಿ ತೆರೆದು, ಮುಂಗೈಯಿಂದ ಅಪ್ಪಿ ಎತ್ತಬೇಕು.

ಯುರೋಪಿನಲ್ಲಿ ಹಿಡಿತವನ್ನು ಅಳೆಯುವ ಪ್ರಯತ್ನ ಫ್ರಾನ್ಸಿನಲ್ಲಿ ಆರಂಭವಾಯಿತು. ಎಡ್ಮೆ ರೆನ್ಯೆ 18ನೆಯ ಶತಮಾನದ ಕೊನೆಗೆ ಸ್ಪ್ರಿಂಗ್ ಆಧಾರಿತ ಬಲಮಾಪಕವನ್ನು ರೂಪಿಸಿದ. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಂಗಮಂಟಪದ ಮೇಲೆ ಬಲಪ್ರದರ್ಶನ ಮಾಡುತ್ತಿದ್ದ ಜಟ್ಟಿಗಳು ದಪ್ಪ ಹಿಡಿಯ ಭಾರಗಳನ್ನು ತಮ್ಮ ಗುರುತಾಗಿಸಿಕೊಂಡರು. ಅಪೊಲೊನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫ್ರಾನ್ಸಿನ ಲೂಯಿ ಯೂನಿ ಬಳಸುತ್ತಿದ್ದ ರೈಲುಗಾಲಿಗಳ ಜೋಡಿ ಸುಮಾರು 166 ಕಿ.ಗ್ರಾಂ ತೂಗುತ್ತಿತ್ತು. ಅದರ ಅಚ್ಚು ಸುಮಾರು 49 ಮಿ.ಮೀ. ದಪ್ಪವಿತ್ತು ಮತ್ತು ಗಾಲಿಗಳೊಡನೆ ಬೆಸೆದುಕೊಂಡಿದ್ದರಿಂದ ಸ್ವತಂತ್ರವಾಗಿ ತಿರುಗುತ್ತಿರಲಿಲ್ಲ. 1930ರಲ್ಲಿ ಶಾರ್ಲ್ ರಿಗೂಲೊ, 1949ರಲ್ಲಿ ಅಮೆರಿಕದ ಜಾನ್ ಡೇವಿಸ್ ಮತ್ತು 1954ರಲ್ಲಿ ನಾರ್ಬರ್ಟ್ ಶೆಮಾನ್ಸ್ಕಿ ಇದನ್ನು ತಲೆಯ ಮೇಲಕ್ಕೆ ಎತ್ತಿದರು. ಇಂಗ್ಲೆಂಡಿನ ಥಾಮಸ್ ಇಂಚ್‌ನ ಡಂಬೆಲ್ ಸುಮಾರು 78 ಕಿ.ಗ್ರಾಂ ತೂಗುತ್ತದೆ. ಅದರ ಹಿಡಿಯ ದಪ್ಪ ಸುಮಾರು 60 ಮಿ.ಮೀ. ಇರುವುದರಿಂದ ಒಂಟಿ ಕೈಯಲ್ಲಿ ನೆಲದಿಂದ ಎತ್ತುವುದು ಇಂದಿಗೂ ಕಠಿಣ ಪರೀಕ್ಷೆಯೆನಿಸಿದೆ.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಒಂಟಿ ಕೈಯಲ್ಲಿ ಮತ್ತು ಜೋಡಿ ಕೈಯಲ್ಲಿ ಭಾರ ಎತ್ತುವ ಪ್ರತ್ಯೇಕ ಸ್ಪರ್ಧೆಗಳಿದ್ದವು. ಒಂಟಿ ಕೈ ಸ್ಪರ್ಧೆಯಲ್ಲಿ ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಹಾಗೂ ಜೋಡಿ ಕೈ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ವಿಗೊ ಯೆನ್ಸನ್ ಗೆದ್ದರು. 1928ರಿಂದ ಒಲಿಂಪಿಕ್ಸ್‌ನಲ್ಲಿ ಜೋಡಿ ಕೈಯ ಎತ್ತುಗಳು ಮಾತ್ರ ಉಳಿದವು. 1972ರ ಬಳಿಕ ಪ್ರೆಸ್ ಎಂಬ ಎತ್ತನ್ನು ಕೈಬಿಡಲಾಯಿತು. ಈಗ ಉಳಿದಿರುವ, ಬಾರ್ ಅನ್ನು ಒಂದೇ ಚಲನೆಯಲ್ಲಿ ತಲೆಯ ಮೇಲಕ್ಕೆತ್ತುವ ಸ್ನ್ಯಾಚ್ ಮತ್ತು ಎರಡು ಹಂತಗಳಲ್ಲಿ ಎತ್ತುವ ಕ್ಲೀನ್ ಆ್ಯಂಡ್ ಜರ್ಕ್‌ಗಳಲ್ಲಿ ಬಾರ್ ಅತಿ ವೇಗದಿಂದ ಮೇಲೇರುವುದರಿಂದ ಹಿಡಿತ ಕ್ಷಣಮಾತ್ರ ಸಡಿಲವಾದರೂ ಎತ್ತು ವಿಫಲವಾಗುತ್ತದೆ.

ಕೈಯ ರಚನೆ

ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27 ಎಲುಬುಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಬೆರಳುಗಳೊಳಗೆ ಅವನ್ನು ಮಡಿಸುವ ಸ್ನಾಯುಗಳಿಲ್ಲ. ಮಡಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ. ಅವುಗಳ ರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳುಗಳಿಗೆ ಹೋಗುತ್ತವೆ. ಆಳದ ಸ್ನಾಯು ಬೆರಳಿನ ತುದಿಯ ಗೆಣ್ಣನ್ನೂ, ಅದರ ಮೇಲಿನ ಸ್ನಾಯು ನಡುಗೆಣ್ಣನ್ನೂ ಮಡಿಸುತ್ತವೆ. ಹೆಬ್ಬೆರಳಿಗೆ ಮುಂಗೈಯಿಂದ ಬರುವ ತನ್ನದೇ ಉದ್ದ ಸ್ನಾಯುವಿದೆ. ಜೊತೆಗೆ ಹೆಬ್ಬೆರಳ ಬುಡದ ದಿಂಡಿನಲ್ಲಿ ಚಿಕ್ಕ ಸ್ನಾಯುಗಳಿವೆ.

ಮಣಿಕಟ್ಟಿನ ಅಂಗೈ ಬದಿಯಲ್ಲಿ ಎಲುಬು ಮತ್ತು ಅಡ್ಡಪಟ್ಟಿಯ ನಡುವೆ ಇರುವ ಇಕ್ಕಟ್ಟಾದ ದಾರಿ ಕಾರ್ಪಲ್ ಸುರಂಗ. ಇದರೊಳಗೆ 9 ರಜ್ಜುಗಳೂ ಮೀಡಿಯನ್ ನರವೂ ಹಾದುಹೋಗುತ್ತವೆ. ಬೆರಳುಗಳಲ್ಲಿ ರಜ್ಜುಗಳು ಸೈಕಲ್ ಬ್ರೇಕಿನ ತಂತಿ ಕೊಳವೆಯೊಳಗೆ ಓಡುವಂತೆ ನಾರಿನ ಉಂಗುರಗಳೊಳಗೆ ಜಾರುತ್ತವೆ. ಬೆರಳು ಮಡಿಸಿದಾಗ ರಜ್ಜು ಎಲುಬನ್ನು ಬಿಟ್ಟು ಮೇಲೇಳದಂತೆ ಈ ಉಂಗುರಗಳು ತಡೆಯುತ್ತವೆ.

ಮುಂಗೈಯ ಹಿಂಬದಿಯ ಸ್ನಾಯುಗಳು ಬೆರಳುಗಳನ್ನು ಬಿಚ್ಚುತ್ತವೆ ಮತ್ತು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತವೆ. ಹಿಡಿತದಲ್ಲಿ ಇವುಗಳ ಪಾತ್ರವೂ ದೊಡ್ಡದು. ಮಣಿಕಟ್ಟು ತುಸು ಹಿಂದಕ್ಕೆ ಬಾಗಿದ್ದಾಗ ಮಡಿಸುವ ಸ್ನಾಯುಗಳು ತಕ್ಕ ಉದ್ದದಲ್ಲಿದ್ದು ಹೆಚ್ಚು ಬಲ ತೋರುತ್ತವೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಿಸಿದರೆ ಮುಷ್ಟಿ ಬಿಗಿಯಾಗುವುದೇ ಇಲ್ಲ. ಹಿಂಬದಿಯ ಸ್ನಾಯುಗಳು ದಣಿದಾಗ ಮಣಿಕಟ್ಟು ಮುಂದಕ್ಕೆ ಕುಸಿದು ಹಿಡಿತವೂ ಕಳೆಗುಂದುತ್ತದೆ.

ಅಂಗೈಯ ಚರ್ಮ ಉಳಿದ ಮೈಚರ್ಮಕ್ಕಿಂತ ಭಿನ್ನ. ಇದರಲ್ಲಿ ಕೂದಲೂ ಎಣ್ಣೆಗ್ರಂಥಿಗಳೂ ಇಲ್ಲ, ಬೆವರುಗ್ರಂಥಿಗಳು ದಟ್ಟವಾಗಿವೆ. ಹೊರಪದರದಲ್ಲಿರುವ ಕೆರಾಟಿನ್ ತುಂಬಿದ ಸತ್ತ ಕೋಶಗಳ ಹೊದಿಕೆ ದಪ್ಪವಾಗಿದೆ. ಅಂಗೈಯ ನಡುಭಾಗದಲ್ಲಿ ಚರ್ಮವನ್ನು ಗಟ್ಟಿ ನಾರುಗಳು ಒಳಗಿನ ಪದರಕ್ಕೆ ಬಿಗಿದಿವೆ. ಬೆರಳ ಬುಡದ ಬಳಿ ಚರ್ಮ ಸ್ವಲ್ಪ ಸಡಿಲವಾಗಿರುವುದರಿಂದ ಬಾರ್ ಹಿಡಿದಾಗ ಅಲ್ಲಿ ಮಡಿಕೆ ಬೀಳುತ್ತದೆ. ಜಡ್ಡು ಹೆಚ್ಚಾಗಿ ಬೆಳೆಯುವ ಜಾಗವೂ ಇದೇ.

ಹಿಡಿತದ ಬಗೆಗಳು

ಬ್ರಿಟಿಷ್ ಅಂಗರಚನಾ ವಿಜ್ಞಾನಿ ಜಾನ್ ನೇಪಿಯರ್ 1956ರಲ್ಲಿ ಕೈಯ ಹಿಡಿತಗಳನ್ನು ಬಲಹಿಡಿತ ಮತ್ತು ನಿಖರ ಹಿಡಿತ ಎಂದು ಎರಡಾಗಿ ವಿಂಗಡಿಸಿದ. ಸುತ್ತಿಗೆ ಹಿಡಿಯುವುದು ಬಲಹಿಡಿತ. ಸೂಜಿ ಹಿಡಿಯುವುದು ನಿಖರ ಹಿಡಿತ. ಭಾರ ಎತ್ತುವವರ ತರಬೇತಿಯಲ್ಲಿ ಬಲಹಿಡಿತ ಹಾಗೂ ಅದಕ್ಕೆ ಸಂಬಂಧಿಸಿದ ಕೆಲಸಗಳನ್ನು ಮತ್ತೆ ಐದಾಗಿ ವಿಂಗಡಿಸುವುದು ರೂಢಿ.

ಹಿಸುಕು ಹಿಡಿತದಲ್ಲಿ ಬೆರಳುಗಳು ವಸ್ತುವನ್ನು ಅಂಗೈಗೆ ಒತ್ತುತ್ತಾ ಚಲಿಸುತ್ತವೆ. ಸ್ಪ್ರಿಂಗ್ ಗ್ರಿಪರ್ ಒತ್ತುವುದು ಇದರ ಉದಾಹರಣೆ.

ತಾಳು ಹಿಡಿತದಲ್ಲಿ ಮುಚ್ಚಿದ ಮುಷ್ಟಿಯನ್ನು ತೆರೆಯಲು ಭಾರ ಎಳೆಯುತ್ತದೆ. ಬೆರಳುಗಳು ಚಲಿಸದೆ ಅದನ್ನು ತಡೆಯುತ್ತವೆ. ಬಾರ್ ಅನ್ನು ನೆಲದಿಂದ ತೊಡೆಯ ಮಟ್ಟಕ್ಕೆ ಎತ್ತುವ ಡೆಡ್‌ಲಿಫ್ಟ್, ಸ್ನ್ಯಾಚ್, ಅಡ್ಡಸರಳಿಗೆ ಜೋತುಬೀಳುವುದು, ತುಂಬಿದ ಕೊಡ ಹೊರುವುದು ಇವೆಲ್ಲ ಈ ಬಗೆಗೆ ಸೇರುತ್ತವೆ. ಭಾರ ಎತ್ತುವವರಿಗೆ ಇದೇ ಅತ್ಯಂತ ಮುಖ್ಯ.

ಚಿವುಟು ಹಿಡಿತದಲ್ಲಿ ವಸ್ತು ಅಂಗೈಗೆ ತಾಗದೆ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಾರ್‌ಗೆ ಹಾಕುವ ಕಬ್ಬಿಣದ ಪ್ಲೇಟನ್ನು ಅಂಚಿನಲ್ಲಿ ಹಿಡಿದೆತ್ತುವುದು ಈ ಬಗೆ. ಇದರಲ್ಲಿ ಹೆಬ್ಬೆರಳೇ ಮಿತಿ.

ತೆರೆದ ಹಿಡಿತದಲ್ಲಿ ದಪ್ಪ ಹಿಡಿಯ ಸುತ್ತ ಬೆರಳುಗಳು ಪೂರ್ತಿ ಸುತ್ತಿಕೊಳ್ಳಲಾರವು. ದಪ್ಪ ಬಾರ್ ಮತ್ತು ಗುಂಡುಕಲ್ಲು ಇದಕ್ಕೆ ಸೇರುತ್ತವೆ.

ಮಣಿಕಟ್ಟಿನ ಬಲ ಐದನೆಯದು. ಗದೆ ಬೀಸುವಾಗ ಅಥವಾ ಬಾರ್ ಅನ್ನು ತಲೆಯ ಮೇಲೆ ಸ್ಥಿರವಾಗಿ ನಿಲ್ಲಿಸುವಾಗ ಇದು ಕೆಲಸಕ್ಕೆ ಬರುತ್ತದೆ.

ಬಾರ್ ಹಿಡಿಯುವ ಕ್ರಮಗಳು

ಎರಡೂ ಅಂಗೈ ದೇಹದ ಕಡೆಗಿದ್ದು, ಹೆಬ್ಬೆರಳು ಬೆರಳುಗಳ ಮೇಲೆ ಬರುವ ನೇರ ಹಿಡಿತ ಎಲ್ಲಕ್ಕಿಂತ ಸರಳ. ಭಾರ ಹೆಚ್ಚಾದಂತೆ ಬಾರ್ ಬೆರಳುಗಳ ಕಡೆಗೆ ಉರುಳಿ ಮುಷ್ಟಿಯನ್ನು ತೆರೆಯುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಹಿಡಿತ ಬೇಗ ಸೋಲುತ್ತದೆ. ಹಿಡಿತ ಬೆಳೆಸಲು ಇದು ಯೋಗ್ಯವಾಗಿರುವುದೂ ಅದೇ ಕಾರಣದಿಂದ.

ಮಿಶ್ರ ಹಿಡಿತದಲ್ಲಿ ಒಂದು ಅಂಗೈ ದೇಹದ ಕಡೆಗೆ, ಇನ್ನೊಂದು ಹೊರಕ್ಕೆ ಇರುತ್ತದೆ. ಒಂದು ಕೈಯಿಂದ ಹೊರಕ್ಕೆ ಉರುಳಲು ಹೋದ ಬಾರ್ ಇನ್ನೊಂದು ಕೈಯೊಳಕ್ಕೆ ಉರುಳುವುದರಿಂದ ಜಾರುವುದಿಲ್ಲ. ಪವರ್‌ಲಿಫ್ಟಿಂಗ್‌ನ ಡೆಡ್‌ಲಿಫ್ಟ್‌ನಲ್ಲಿ ಇದು ಸಾಮಾನ್ಯ. ಅಂಗೈ ಹೊರಮುಖವಾಗಿರುವ ಕೈಯನ್ನು ಮೊಣಕೈಯಲ್ಲಿ ಮಡಿಸಿ ಎಳೆದರೆ ಬೈಸೆಪ್ಸ್ ಸ್ನಾಯುವಿನ ಕೆಳ ರಜ್ಜು ಹರಿಯುವ ಅಪಾಯವಿದೆ. ಎರಡೂ ಕೈ ನೇರವಾಗಿರಬೇಕು. ಅಭ್ಯಾಸದಲ್ಲಿ ಕೈಗಳನ್ನು ಅದಲುಬದಲು ಮಾಡುವುದರಿಂದ ಒಂದೇ ಬದಿಯ ಮೇಲೆ ಹೊರೆ ಬೀಳುವುದು ತಪ್ಪುತ್ತದೆ.

ಕೊಕ್ಕೆ ಹಿಡಿತವನ್ನು ಅಭ್ಯಾಸಿಗಳು ಹುಕ್ ಗ್ರಿಪ್ ಎಂದು ಕರೆಯುತ್ತಾರೆ. ಇದರಲ್ಲಿ ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಅದರ ಮೇಲೆ ತೋರುಬೆರಳು ಮತ್ತು ನಡುಬೆರಳುಗಳನ್ನು ಬಿಗಿಯಲಾಗುತ್ತದೆ. ಬಾರ್ ಉರುಳಲು ಹೋದಷ್ಟೂ ಹೆಬ್ಬೆರಳು ಬೆರಳುಗಳ ಕೆಳಗೆ ಇನ್ನಷ್ಟು ಸಿಕ್ಕಿಕೊಳ್ಳುವುದರಿಂದ ಹಿಡಿತ ಭದ್ರವಾಗುತ್ತದೆ. ಸ್ನ್ಯಾಚ್ ಮತ್ತು ಕ್ಲೀನ್‌ಗಳಲ್ಲಿ ಇದೇ ಪ್ರಮುಖ ಕ್ರಮ. ಆರಂಭದ ಕೆಲವು ವಾರ ಹೆಬ್ಬೆರಳಿನಲ್ಲಿ ತೀವ್ರ ನೋವಿರುತ್ತದೆ. ಹಗುರ ಭಾರದಿಂದ ಆರಂಭಿಸಿ, ಹೆಬ್ಬೆರಳಿಗೆ ಟೇಪ್ ಸುತ್ತಿ, ಪ್ರತಿ ಅಭ್ಯಾಸದಲ್ಲೂ ಸ್ವಲ್ಪ ಸ್ವಲ್ಪ ಬಳಸಿದರೆ ನೋವು ತಗ್ಗುತ್ತದೆ. ಹೆಬ್ಬೆರಳು ಮರಗಟ್ಟಿ, ಅದು ಅಭ್ಯಾಸ ಮುಗಿದ ಮೇಲೂ ಉಳಿದರೆ ಭಾರ ಇಳಿಸಬೇಕು.

ಹೆಬ್ಬೆರಳನ್ನು ಸುತ್ತದೆ ಬೆರಳುಗಳ ಬದಿಗೇ ಇಡುವ ಕ್ರಮವೂ ಇದೆ. ಬೆಂಚ್ ಪ್ರೆಸ್‌ನಲ್ಲಿ ಬಾರ್ ಕೈಯಿಂದ ಉರುಳಿ ಎದೆಯ ಮೇಲೆ ಬೀಳುವ ಅಪಾಯವಿರುವುದರಿಂದ ಅಲ್ಲಿ ಇದು ಸಲ್ಲದು.

ಬಾರ್‌ನ ದಪ್ಪ ಮತ್ತು ಮೈ

ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಪುರುಷರ ಬಾರ್ 20 ಕಿ.ಗ್ರಾಂ ತೂಕ, 2.2 ಮೀಟರ್ ಉದ್ದ ಮತ್ತು 28 ಮಿ.ಮೀ. ದಪ್ಪವಿರುತ್ತದೆ. ಮಹಿಳೆಯರ ಬಾರ್ 15 ಕಿ.ಗ್ರಾಂ ತೂಕ, 2.01 ಮೀಟರ್ ಉದ್ದ ಮತ್ತು 25 ಮಿ.ಮೀ. ದಪ್ಪವಿರುತ್ತದೆ. ಮೂರು ಮಿಲಿಮೀಟರ್ ವ್ಯತ್ಯಾಸ ಚಿಕ್ಕದೆನಿಸಿದರೂ ಸಣ್ಣ ಕೈಯವರು ಹೆಬ್ಬೆರಳನ್ನು ಬೆರಳುಗಳ ಕೆಳಗೆ ಸೇರಿಸಲು ಅದು ನೆರವಾಗುತ್ತದೆ. ಬಾರ್‌ನ ತುದಿಯ ತೋಳುಗಳು ಸ್ವತಂತ್ರವಾಗಿ ತಿರುಗುತ್ತವೆ. ಹೀಗಾಗಿ ಪ್ಲೇಟುಗಳು ತಿರುಗುವ ರಭಸ ಅಂಗೈಗೆ ಬಡಿಯುವುದಿಲ್ಲ. ತೋಳುಗಳು ತುಕ್ಕು ಹಿಡಿದು ತಿರುಗದಿದ್ದರೆ ಬಾರ್ ಕೈಯೊಳಗೇ ತಿರುಗಿ ಚರ್ಮ ಕೀಳುತ್ತದೆ.

ಬಾರ್‌ನ ಮೇಲೆ ಲೇತಿನಲ್ಲಿ ಕೊರೆದ ಅಡ್ಡಗೆರೆಗಳ ಒರಟು ಮೈಗೆ ನರ್ಲಿಂಗ್ ಎನ್ನುತ್ತಾರೆ. ಒರಟುತನ ಹೆಚ್ಚಿದಷ್ಟೂ ಜಾರುವಿಕೆ ಕಡಿಮೆ, ಚರ್ಮದ ಸವೆತ ಹೆಚ್ಚು. ಗೆರೆಗಳ ನಡುವೆ ಹಳೆಯ ಚಾಕ್ ಮತ್ತು ಚರ್ಮದ ಕಣ ತುಂಬಿದರೆ ಹಿಡಿತವೂ ಶುಚಿತ್ವವೂ ಕೆಡುತ್ತವೆ. ಬ್ರಷ್‌ನಿಂದ ಉಜ್ಜಿ ಬಾರ್ ಅನ್ನು ಶುಚಿಯಾಗಿಡಬೇಕು.

ಹಿಡಿತದ ಬಲ ಬೆಳೆಸುವ ವ್ಯಾಯಾಮಗಳು

ಹಿಡಿತದ ಬಲ ಅಭ್ಯಾಸ ಮಾಡಿದ ಬಗೆ ಮತ್ತು ಬೆರಳಿನ ಕೋನಕ್ಕೆ ಹತ್ತಿರದಲ್ಲೇ ಹೆಚ್ಚು ಬೆಳೆಯುತ್ತದೆ. ಗ್ರಿಪರ್ ಒತ್ತುವುದರಲ್ಲಿ ನಿಪುಣನಾದವನಿಗೆ ದಪ್ಪ ಬಾರ್ ಹಿಡಿಯುವ ಬಲ ತಾನಾಗಿ ಬರುವುದಿಲ್ಲ. ಆದ್ದರಿಂದ ಗುರಿಗೆ ತಕ್ಕ ವ್ಯಾಯಾಮ ಆರಿಸಬೇಕು.

ಮೊದಲ ಸಾಧನ ಬಾರ್ ಅಭ್ಯಾಸವೇ. ಡೆಡ್‌ಲಿಫ್ಟ್‌ನ ಹಗುರ ಸುತ್ತುಗಳನ್ನು ನೇರ ಹಿಡಿತದಲ್ಲಿ ಮಾಡಿ, ಹಿಡಿತ ಸಡಿಲವಾಗುವ ಭಾರದಲ್ಲಿ ಮಾತ್ರ ಮಿಶ್ರ ಅಥವಾ ಕೊಕ್ಕೆ ಹಿಡಿತಕ್ಕೆ ಬದಲಾಯಿಸುವುದು ಸರಳ ವಿಧಾನ. ಕೊನೆಯ ಎತ್ತಿನ ಮೇಲ್ತುದಿಯಲ್ಲಿ ಬಾರ್ ಅನ್ನು 10ರಿಂದ 20 ಸೆಕೆಂಡ್ ಹಿಡಿದು ನಿಲ್ಲುವುದರಿಂದ ತಾಳು ಹಿಡಿತ ಬೆಳೆಯುತ್ತದೆ.

ಜೋತುಬೀಳುವುದಕ್ಕೆ ಒಂದು ಅಡ್ಡಸರಳು ಸಾಕು. ಆರಂಭದಲ್ಲಿ 15ರಿಂದ 20 ಸೆಕೆಂಡ್ ಜೋತುಬಿದ್ದು, ಒಂದು ನಿಮಿಷದವರೆಗೆ ಕ್ರಮೇಣ ಏರಿಸಬಹುದು. ಭುಜಗಳನ್ನು ಪೂರ್ತಿ ಸಡಿಲ ಬಿಡದೆ ತುಸು ಕೆಳಕ್ಕೆ ಎಳೆದುಕೊಂಡಿರಬೇಕು. ಅಡ್ಡಸರಳಿಗೆ ದಪ್ಪ ಟವೆಲ್ ಹಾಕಿ ಅದರ ಎರಡು ತುದಿ ಹಿಡಿದು ಜೋತುಬಿದ್ದರೆ ಕೆಲಸ ಇನ್ನಷ್ಟು ಕಠಿಣವಾಗುತ್ತದೆ.

ಎರಡೂ ಕೈಯಲ್ಲಿ ಭಾರವಾದ ಡಂಬೆಲ್ ಹಿಡಿದು 20ರಿಂದ 40 ಮೀಟರ್ ನಡೆಯುವ ಫಾರ್ಮರ್ಸ್ ವಾಕ್ ಹಿಡಿತದ ಜೊತೆಗೆ ಭುಜ, ಬೆನ್ನು, ಸೊಂಟಗಳನ್ನೂ ಬಲಪಡಿಸುತ್ತದೆ. ಡಂಬೆಲ್ ಇಲ್ಲದವರು ಮರಳು ತುಂಬಿದ ಬಕೆಟ್ ಬಳಸಬಹುದು.

ಚಿವುಟು ಹಿಡಿತಕ್ಕೆ ಎರಡು ಪ್ಲೇಟುಗಳನ್ನು ನುಣುಪು ಮುಖ ಹೊರಬರುವಂತೆ ಜೋಡಿಸಿ 10ರಿಂದ 15 ಸೆಕೆಂಡ್ ಹಿಡಿಯಲಾಗುತ್ತದೆ. ಪ್ಲೇಟು ಜಾರಿ ಕಾಲಿನ ಮೇಲೆ ಬೀಳದಂತೆ ಪಾದಗಳನ್ನು ಅಗಲವಾಗಿ ಇಟ್ಟುಕೊಳ್ಳಬೇಕು. ತೆರೆದ ಹಿಡಿತಕ್ಕೆ ಸುಮಾರು 50 ಮಿ.ಮೀ. ದಪ್ಪದ ಬಾರ್, ಅಥವಾ ಸಾಮಾನ್ಯ ಬಾರ್‌ಗೆ ಹೊದಿಸುವ ರಬ್ಬರ್ ಹಿಡಿ ಬಳಕೆಯಲ್ಲಿದೆ.

ಮಣಿಕಟ್ಟಿನ ಬಲಕ್ಕಾಗಿ, ಕೋಲಿನಿಂದ ಹಗ್ಗದಲ್ಲಿ ತೂಗುಬಿಟ್ಟ ಭಾರವನ್ನು ಕೋಲಿಗೆ ಹಗ್ಗ ಸುತ್ತುತ್ತಾ ಮೇಲೇರಿಸಿ, ಮತ್ತೆ ನಿಧಾನವಾಗಿ ಇಳಿಸುವ ವ್ಯಾಯಾಮವಿದೆ. ಇಳಿಸುವಾಗ ಹಗ್ಗ ಒಮ್ಮೆಲೇ ಬಿಡಬಾರದು. ಬೆರಳು ಬಿಚ್ಚುವ ಸ್ನಾಯುಗಳಿಗೆ ಐದೂ ಬೆರಳ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ 20ರಿಂದ 25 ಬಾರಿ ಅಗಲಿಸುವುದು, ಇಲ್ಲವೇ ಅಕ್ಕಿ ತುಂಬಿದ ಬಕೆಟ್‌ನೊಳಗೆ ಕೈ ಹೂತು ಬೆರಳು ಬಿಚ್ಚಿ ಮುಚ್ಚುವುದು ವಾಡಿಕೆ. ಮಡಿಸುವ ಸ್ನಾಯುಗಳನ್ನು ಮಾತ್ರ ಬೆಳೆಸಿ ಇವನ್ನು ಕಡೆಗಣಿಸಿದರೆ ಮೊಣಕೈ ನೋವಿಗೆ ದಾರಿಯಾಗಬಹುದು.

ಹಿಡಿತದ ವ್ಯಾಯಾಮವನ್ನು ವಾರಕ್ಕೆ 2 ಅಥವಾ 3 ದಿನ, ಮುಖ್ಯ ಅಭ್ಯಾಸ ಮುಗಿದ ಮೇಲೆ ಮಾಡುವುದು ಸೂಕ್ತ. ಮೊದಲೇ ಮಾಡಿದರೆ ದಣಿದ ಕೈಯಲ್ಲಿ ಭಾರ ಎತ್ತಬೇಕಾಗುತ್ತದೆ. ಒಂದು ಅಭ್ಯಾಸಕ್ಕೆ ಎರಡು ವ್ಯಾಯಾಮ, ತಲಾ 2ರಿಂದ 4 ಸುತ್ತು ಸಾಕು. ಸ್ನಾಯುವಿನ ಬಲ ಕೆಲವೇ ವಾರಗಳಲ್ಲಿ ಏರಿದರೂ ರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಆದ್ದರಿಂದ ಸಮಯ ಅಥವಾ ಭಾರ, ಎರಡರಲ್ಲಿ ಒಂದನ್ನು ಮಾತ್ರ ಒಮ್ಮೆಗೆ ಏರಿಸುವುದು ಕ್ಷೇಮ.

ಅಂಗೈಯ ತೊಂದರೆಗಳು

ಜಡ್ಡು ಚರ್ಮದ ರಕ್ಷಣಾ ಕ್ರಮ. ಒಂದೇ ಜಾಗದಲ್ಲಿ ಮರಳಿ ಮರಳಿ ಒತ್ತಡ ಬಿದ್ದಾಗ ಕೆರಾಟಿನ್ ಪದರ ದಪ್ಪವಾಗುತ್ತದೆ. ಸಮನಾಗಿ, ತೆಳುವಾಗಿ ಹರಡಿದ ಜಡ್ಡು ಅಂಗೈಯನ್ನು ಕಾಯುತ್ತದೆ. ದಿಬ್ಬದಂತೆ ಎದ್ದ ಜಡ್ಡಿನ ಅಂಚು ಬಾರ್‌ಗೆ ಸಿಕ್ಕಿ ಬುಡಸಹಿತ ಕಿತ್ತುಬರುತ್ತದೆ. ನರುಳ್ಳೆ ಜಡ್ಡನ್ನು ಹೋಲಬಹುದು. ಆದರೆ ನರುಳ್ಳೆಯ ಮೇಲೆ ಚರ್ಮದ ರೇಖೆಗಳು ಮುಂದುವರಿಯುವುದಿಲ್ಲ, ಮೇಲ್ಮೈ ಹೆರೆದಾಗ ಕಪ್ಪು ಚುಕ್ಕೆಗಳು ಕಾಣಬಹುದು. ಅದು ವೈರಸ್‌ನಿಂದ ಬರುವುದರಿಂದ ಉಜ್ಜಿದರೆ ಹರಡುತ್ತದೆ, ವೈದ್ಯರಿಗೆ ತೋರಿಸಬೇಕು.

ಬೊಬ್ಬೆ ಏಳುವುದು ಕೇವಲ ಉಜ್ಜುವಿಕೆಯಿಂದಲ್ಲ. ಹೊರಪದರವನ್ನು ಬಾರ್ ಒಂದು ಕಡೆಗೆ, ಒಳಗಿನ ಎಲುಬು ಇನ್ನೊಂದು ಕಡೆಗೆ ಎಳೆದಾಗ ಹೊರಚರ್ಮದ ನಡುಪದರ ಸೀಳಿ, ಅದರೊಳಗೆ ನೀರು ತುಂಬುತ್ತದೆ. ಬೆವರಿನಿಂದ ಒದ್ದೆಯಾದ ಚರ್ಮ ಬಾರ್‌ಗೆ ಅಂಟಿಕೊಂಡು ಈ ಎಳೆತವನ್ನು ಹೆಚ್ಚಿಸುತ್ತದೆ. ಹೊಸಬರಲ್ಲಿ, ಬಿಡುವಿನ ನಂತರ ಮರಳಿದವರಲ್ಲಿ ಮತ್ತು ಒಂದೇ ದಿನ ಅತಿ ಹೆಚ್ಚು ಸುತ್ತು ಮಾಡಿದವರಲ್ಲಿ ಬೊಬ್ಬೆ ಸಾಮಾನ್ಯ.

ಮುಂಗೈ ಸ್ನಾಯುಗಳ ನೋವು ಬೇರೆ ಬಗೆಯದು. ಹೊಸ ವ್ಯಾಯಾಮದ ನಂತರ 24ರಿಂದ 72 ಗಂಟೆಗಳಲ್ಲಿ ಹೆಚ್ಚಾಗಿ, ತಾನಾಗಿ ಇಳಿಯುವ ಸಾಧಾರಣ ನೋವು ಸ್ನಾಯು ಹೊಂದಿಕೊಳ್ಳುತ್ತಿರುವುದರ ಲಕ್ಷಣ. ಬೆರಳ ಗೆಣ್ಣು, ಅಂಗೈಯ ಒಂದು ಬಿಂದು ಅಥವಾ ಮಣಿಕಟ್ಟಿನಲ್ಲಿ ಚುಚ್ಚುವ ನೋವು ಹಾಗಲ್ಲ. ಅದಕ್ಕೆ ವಿಶ್ರಾಂತಿ ಮತ್ತು ತಪಾಸಣೆ ಬೇಕು.

ಚರ್ಮದ ಆರೈಕೆ

ತಡೆಗಟ್ಟುವಿಕೆ ಬಾರ್ ಹಿಡಿಯುವ ಜಾಗದಿಂದಲೇ ಆರಂಭವಾಗುತ್ತದೆ. ಎಳೆಯುವ ಎತ್ತುಗಳಲ್ಲಿ ಬಾರ್ ಅನ್ನು ಅಂಗೈಯ ನಡುವೆ ಹಿಡಿದರೆ ಭಾರ ಏರಿದಾಗ ಅದು ಬೆರಳ ಬುಡಕ್ಕೆ ಜಾರಿ, ದಾರಿಯ ಚರ್ಮವನ್ನೆಲ್ಲ ಮಡಿಸಿಕೊಂಡು ಹೋಗುತ್ತದೆ. ಮೊದಲೇ ಬೆರಳ ಬುಡದ ಗೆರೆಯಲ್ಲಿ ಹಿಡಿದರೆ ಮಡಿಕೆ ಕಡಿಮೆ. ತಲೆಯ ಮೇಲೆ ಒತ್ತುವ ಎತ್ತುಗಳಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಬಾರ್ ಅಂಗೈಯ ಬುಡದ ಮೇಲೆ, ಮುಂಗೈಯ ನೇರಕ್ಕೆ ಕೂರಬೇಕು.

ಜಡ್ಡನ್ನು ಪೂರ್ತಿ ತೆಗೆಯಬಾರದು. ಸುತ್ತಲಿನ ಚರ್ಮಕ್ಕೆ ಸಮವಾಗುವಷ್ಟು ಸವೆಸಬೇಕು. ಸ್ನಾನದ ನಂತರ ಚರ್ಮ ಮೆತ್ತಗಿರುವಾಗ ವಾರಕ್ಕೆ ಒಂದೆರಡು ಸಲ ಪ್ಯೂಮಿಸ್ ಕಲ್ಲು ಅಥವಾ ನಯವಾದ ಅರದಿಂದ ಉಜ್ಜಿದರೆ ಸಾಕು. ಬ್ಲೇಡಿನಿಂದ ಕೊರೆಯುವುದು ಸೋಂಕಿಗೆ ದಾರಿ. ರಾತ್ರಿ ಮಲಗುವ ಮುನ್ನ ಗ್ಲಿಸರಿನ್ ಅಥವಾ ಯೂರಿಯಾ ಇರುವ ಕ್ರೀಮು ಹಚ್ಚಿದರೆ ಚರ್ಮ ಒಣಗಿ ಬಿರಿಯುವುದಿಲ್ಲ. ಕೊಬ್ಬರಿ ಎಣ್ಣೆಯೂ ಚರ್ಮದ ತೇವ ಆರದಂತೆ ತಡೆಯುತ್ತದೆ. ಅಭ್ಯಾಸಕ್ಕೆ ಸ್ವಲ್ಪ ಮೊದಲು ಇವನ್ನು ಹಚ್ಚಿದರೆ ಬಾರ್ ಜಾರುತ್ತದೆ.

ಸಣ್ಣ ಬೊಬ್ಬೆಯನ್ನು ಒಡೆಯದೆ ಮುಚ್ಚಿಡುವುದು ಲೇಸು. ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ಹೊದಿಕೆ. ದೊಡ್ಡದಾಗಿ, ಬಿಗಿದು ನೋಯುತ್ತಿದ್ದರೆ ಸಾಬೂನಿನಿಂದ ತೊಳೆದು, ಸೋಂಕುರಹಿತ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರನ್ನು ಹೊರಬಿಟ್ಟು, ಮೇಲ್ಪದರವನ್ನು ಹಾಗೆಯೇ ಉಳಿಸಿ ಪಟ್ಟಿ ಹಾಕಬೇಕು. ಚರ್ಮ ಹರಿದಿದ್ದರೆ ಅಭ್ಯಾಸ ನಿಲ್ಲಿಸಿ, ಹರಿಯುವ ನೀರು ಮತ್ತು ಸಾಬೂನಿನಿಂದ ಚಾಕ್ ಪೂರ್ತಿ ಹೋಗುವಂತೆ ತೊಳೆಯಬೇಕು. ಸಡಿಲವಾಗಿ ನೇತಾಡುವ ಸತ್ತ ಚರ್ಮವನ್ನಷ್ಟೇ ಶುಚಿಯಾದ ಕತ್ತರಿಯಿಂದ ತೆಗೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಗಾಯಕ್ಕೆ ಅಂಟದ ಪಟ್ಟಿ ಸುತ್ತಬೇಕು. ಗಾಯ ಪೂರ್ತಿ ಒಣಗಿ ಬಿರಿದರೆ ಮತ್ತೆ ಹರಿಯುತ್ತದೆ. ತುಸು ತೇವವಿದ್ದರೆ ಬೇಗ ಮಾಯುತ್ತದೆ. ಹೊಸ ಚರ್ಮ ಒತ್ತಿದರೆ ನೋಯದಂತಾಗುವವರೆಗೆ ಕಾಲಿನ ವ್ಯಾಯಾಮ ಮತ್ತು ಬಾರ್ ಹಿಡಿಯಬೇಕಿಲ್ಲದ ಅಭ್ಯಾಸಗಳನ್ನು ಮಾಡಬಹುದು.

ಗಾಯದ ಸುತ್ತ ಕೆಂಪು ಹರಡುವುದು, ಕೀವು, ಮುಂಗೈಯತ್ತ ಸಾಗುವ ಕೆಂಪು ಗೆರೆ, ಜ್ವರ ಅಥವಾ ಬೆರಳು ಬಿಚ್ಚಲಾಗದಷ್ಟು ಊತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಟೆಟನಸ್ ಚುಚ್ಚುಮದ್ದು ಅವಧಿ ಮೀರಿದೆಯೇ ಎಂದು ನೋಡಿಕೊಳ್ಳಬೇಕು. ಮಧುಮೇಹ ಇರುವವರು ಜಡ್ಡು ಸವೆಸುವುದನ್ನೂ ಬೊಬ್ಬೆ ಚುಚ್ಚುವುದನ್ನೂ ಮನೆಯಲ್ಲಿ ಮಾಡದೆ ವೈದ್ಯರ ಸಲಹೆ ಪಡೆಯಬೇಕು.

ನೆರವಿನ ಸಾಧನಗಳು

ಚಾಕ್ ಎಂದು ಕರೆಯುವ ಬಿಳಿ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್. ಬರೆಯುವ ಸೀಮೆಸುಣ್ಣ ಬೇರೆ. ಇದು ಬೆವರು ಹೀರಿ ಅಂಗೈಯನ್ನು ಒಣಗಿಸುತ್ತದೆ. ತೆಳುವಾಗಿ ಹಚ್ಚಿದರೆ ಸಾಕು. ದಪ್ಪಗೆ ಹಚ್ಚಿದ ಪುಡಿ ಉರುಳಿ ಜಾರುವಿಕೆಯನ್ನೇ ಹೆಚ್ಚಿಸಬಹುದು. ಆಲ್ಕೋಹಾಲ್‌ನಲ್ಲಿ ಕಲಸಿದ ದ್ರವ ಚಾಕ್ ಧೂಳೆಬ್ಬಿಸದ ಕಾರಣ ಪುಡಿಗೆ ಅನುಮತಿಯಿಲ್ಲದ ಜಿಮ್‌ಗಳಲ್ಲಿ ಬಳಕೆಯಲ್ಲಿದೆ.

ಟೇಪ್ ಹೆಬ್ಬೆರಳನ್ನು ಮತ್ತು ಮಾಯುತ್ತಿರುವ ಚರ್ಮವನ್ನು ರಕ್ಷಿಸುತ್ತದೆ. ರಕ್ತಸಂಚಾರ ತಡೆಯುವಷ್ಟು ಬಿಗಿಯಬಾರದು. ಗೆಣ್ಣು ಮಡಿಸಲು ಅವಕಾಶವಿರಬೇಕು.

ಕೈಗವಸು ಉಜ್ಜುವಿಕೆಯನ್ನು ತಗ್ಗಿಸಿದರೂ ಬಾರ್‌ನ ದಪ್ಪವನ್ನು ಹೆಚ್ಚಿಸುವುದರಿಂದ ಹಿಡಿತ ಕಷ್ಟವಾಗುತ್ತದೆ. ಬೆವರಿದ ಕೈಗವಸಿನೊಳಗೆ ಚರ್ಮ ಮಡಿಸಿಕೊಂಡು ಬೊಬ್ಬೆ ಏಳುವುದೂ ಉಂಟು.

ಮಣಿಕಟ್ಟಿಗೆ ಕಟ್ಟಿ ಬಾರ್‌ಗೆ ಸುತ್ತುವ ಬಟ್ಟೆ ಅಥವಾ ನೈಲಾನ್ ಪಟ್ಟಿಗೆ ಲಿಫ್ಟಿಂಗ್ ಸ್ಟ್ರ್ಯಾಪ್ ಎನ್ನುತ್ತಾರೆ. ಬೆನ್ನು ಮತ್ತು ಕಾಲಿನ ಅಭ್ಯಾಸ ಹಿಡಿತದ ಸೋಲಿನಿಂದ ನಿಲ್ಲದಂತೆ ಇದು ನೋಡಿಕೊಳ್ಳುತ್ತದೆ. ಹರಿದ ಅಂಗೈಗೂ ಬಿಡುವು ಕೊಡುತ್ತದೆ. ವೇಟ್‌ಲಿಫ್ಟಿಂಗ್ ಮತ್ತು ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಕ್ಲೀನ್ ಅಭ್ಯಾಸದಲ್ಲಿ ಬಾರ್ ಬಿಡಬೇಕಾದಾಗ ಕೈ ಸಿಕ್ಕಿಕೊಂಡು ಮಣಿಕಟ್ಟಿಗೆ ಪೆಟ್ಟಾಗಬಹುದಾದ್ದರಿಂದ ಅಲ್ಲಿ ಬಳಸಬಾರದು.

ರಜ್ಜು ಮತ್ತು ನರಗಳ ತೊಂದರೆಗಳು

ಅತಿ ಹಿಡಿತದಿಂದ ಮೊಣಕೈಯ ಒಳಬದಿಯಲ್ಲಿ, ಮಡಿಸುವ ಸ್ನಾಯುಗಳ ಮೂಲದಲ್ಲಿ ನೋವು ಕಾಣಬಹುದು. ಇದನ್ನು ಗಾಲ್ಫರ್ಸ್ ಎಲ್ಬೋ ಎನ್ನುತ್ತಾರೆ. ಬೆರಳ ಬುಡದ ಉಂಗುರದಲ್ಲಿ ರಜ್ಜು ಸಿಕ್ಕಿಕೊಂಡು, ಬೆರಳು ಮಡಿಸಿದಲ್ಲೇ ನಿಂತು ಬಳಿಕ ಟಕ್ಕೆಂದು ಬಿಚ್ಚಿಕೊಳ್ಳುವುದು ಟ್ರಿಗರ್ ಫಿಂಗರ್. ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳುಗಳಲ್ಲಿ, ವಿಶೇಷವಾಗಿ ರಾತ್ರಿ, ಜೋಮು ಹಿಡಿಯುವುದು ಕಾರ್ಪಲ್ ಸುರಂಗದಲ್ಲಿ ಮೀಡಿಯನ್ ನರ ಒತ್ತಿಹೋಗಿರುವುದರ ಲಕ್ಷಣ. ಉಂಗುರಬೆರಳು ಮತ್ತು ಕಿರುಬೆರಳುಗಳ ಜೋಮು ಅಲ್ನಾರ್ ನರವನ್ನು ಸೂಚಿಸುತ್ತದೆ. ಭಾರ ಎತ್ತುವಾಗ ಮೊಣಕೈಯ ಮುಂಭಾಗದಲ್ಲಿ ಟಪ್ಪೆಂಬ ಸದ್ದಾಗಿ ನೋವು, ನೀಲಿಗಟ್ಟಿದ ಕಲೆ ಕಂಡರೆ ಬೈಸೆಪ್ಸ್ ರಜ್ಜು ಹರಿದಿರುವ ಸಾಧ್ಯತೆಯಿದ್ದು, ಕೂಡಲೇ ಮೂಳೆ ವೈದ್ಯರಿಗೆ ತೋರಿಸಬೇಕು.

ಅಳತೆ

ಹಿಡಿತದ ಬಲವನ್ನು ಕೈಬಲಮಾಪಕದಿಂದ ಕಿಲೋಗ್ರಾಂಗಳಲ್ಲಿ ಅಳೆಯುತ್ತಾರೆ. ವೈದ್ಯಕೀಯದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜಾಮಾರ್ ದ್ರವಚಾಲಿತ ಮಾಪಕ. ಅದರ ಹಿಡಿಗೆ ಐದು ಅಳತೆಗಳಿವೆ. ಕುಳಿತು, ಮೇಲ್ತೋಳನ್ನು ಮೈಗೆ ಒತ್ತಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ, ಪೂರ್ಣ ಬಲದಿಂದ ಹಿಸುಕುವುದು ಅಂಗೀಕೃತ ವಿಧಾನ. ಬ್ರಿಟನ್ನಿನ 12 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬಲ ಗರಿಷ್ಠವಿರುವ ವಯಸ್ಸಿನಲ್ಲಿ ಅದರ ಮಧ್ಯಾಂಕ ಪುರುಷರಲ್ಲಿ 51 ಕಿ.ಗ್ರಾಂ, ಮಹಿಳೆಯರಲ್ಲಿ 31 ಕಿ.ಗ್ರಾಂ ಇತ್ತು. ಮಾಪಕ ತೋರುವುದು ಹಿಸುಕು ಹಿಡಿತವನ್ನು. ಭಾರ ಎತ್ತುವವರ ತಾಳು ಹಿಡಿತವನ್ನು ಜೋತುಬೀಳುವ ಸಮಯ ಮತ್ತು ಬಾರ್ ಹಿಡಿದು ನಿಲ್ಲುವ ಸಮಯದಿಂದ ಅಳೆಯುವುದು ಹೆಚ್ಚು ಉಪಯುಕ್ತ.

ಆರೋಗ್ಯದೊಡನೆ ಸಂಬಂಧ

ಹಿಡಿತದ ಬಲ ದೇಹದ ಒಟ್ಟು ಸ್ನಾಯುಬಲದ ಸೂಚಕವಾಗಿ ಬಳಕೆಯಲ್ಲಿದೆ. 17 ದೇಶಗಳ ಸುಮಾರು 1,40,000 ವಯಸ್ಕರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ ಹಿಡಿತದ ಬಲ 5 ಕಿ.ಗ್ರಾಂ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇ 16ರಷ್ಟು ಹೆಚ್ಚಿರುವುದು ಕಂಡುಬಂತು. ಭಾರತವೂ ಈ ಅಧ್ಯಯನದಲ್ಲಿತ್ತು. ಬೆಂಗಳೂರು ಅದರ ಕೇಂದ್ರಗಳಲ್ಲೊಂದು. ಈ ಫಲಿತಾಂಶ ಸಂಬಂಧವನ್ನು ತೋರಿಸುತ್ತದೆಯೇ ಹೊರತು, ಗ್ರಿಪರ್ ಒತ್ತಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಸಾಧಿಸುವುದಿಲ್ಲ. ವಯಸ್ಸಿನೊಡನೆ ಸ್ನಾಯು ಕರಗುವ ಸಾರ್ಕೊಪೀನಿಯಾವನ್ನು ಗುರುತಿಸಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಪುರುಷರಿಗೆ 28 ಕಿ.ಗ್ರಾಂಗಿಂತ, ಮಹಿಳೆಯರಿಗೆ 18 ಕಿ.ಗ್ರಾಂಗಿಂತ ಕಡಿಮೆ ಹಿಡಿತವನ್ನು ದುರ್ಬಲವೆಂದು ನಿಗದಿ ಮಾಡಿತು.

ಇಂದಿನ ಸ್ಥಿತಿ

ಹಿಡಿತದ ತರಬೇತಿ ಇಂದು ಸ್ವತಂತ್ರ ಶಾಖೆಯಾಗಿಯೂ ಬೆಳೆದಿದೆ. ಅಮೆರಿಕದ ಐರನ್‌ಮೈಂಡ್ ಸಂಸ್ಥೆ ಕ್ರಮಾಂಕ ನೀಡಿದ ಸ್ಪ್ರಿಂಗ್ ಗ್ರಿಪರ್‌ಗಳನ್ನು ಜನಪ್ರಿಯಗೊಳಿಸಿ, 1990ರ ದಶಕದಿಂದ ಅತಿ ಬಿಗಿಯಾದವನ್ನು ಪೂರ್ತಿ ಮುಚ್ಚಿದವರಿಗೆ ಪ್ರಮಾಣಪತ್ರ ನೀಡುತ್ತಿದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪೋರ್ಟ್ ಕ್ಲೈಂಬಿಂಗ್ ಸೇರಿದ ಮೇಲೆ ಬೆರಳಿನ ಬಲದ ಬಗ್ಗೆ ಆಸಕ್ತಿ ಹೆಚ್ಚಿದೆ. ಕರ್ನಾಟಕದಲ್ಲಿ ಬಾದಾಮಿಯ ಮರಳುಗಲ್ಲಿನ ಬಂಡೆಗಳು ಕ್ಲೈಂಬಿಂಗ್ ಅಭ್ಯಾಸಿಗಳನ್ನು ಸೆಳೆಯುತ್ತವೆ.

ಭಾರತೀಯ ವೇಟ್‌ಲಿಫ್ಟಿಂಗ್‌ನಲ್ಲಿ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಮೀರಾಬಾಯಿ ಚಾನು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 49 ಕಿ.ಗ್ರಾಂ ವಿಭಾಗದಲ್ಲಿ ಒಟ್ಟು 202 ಕಿ.ಗ್ರಾಂ ಎತ್ತಿ ಬೆಳ್ಳಿ ಗೆದ್ದರು. ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ 2018ರಲ್ಲಿ 56 ಕಿ.ಗ್ರಾಂ ವಿಭಾಗದ ಬೆಳ್ಳಿಯನ್ನೂ 2022ರಲ್ಲಿ 61 ಕಿ.ಗ್ರಾಂ ವಿಭಾಗದ ಕಂಚನ್ನೂ ಪಡೆದರು. ಎರಡನೆಯ ಸಲ ಅವರು ಎತ್ತಿದ ಒಟ್ಟು ಭಾರ 269 ಕಿ.ಗ್ರಾಂ. ದೇಹದ ತೂಕದ ನಾಲ್ಕು ಪಟ್ಟಿಗೂ ಮೀರಿದ ಇಂಥ ಮೊತ್ತವನ್ನು ಸ್ಪರ್ಧಿಗಳು ಎರಡು ಎತ್ತುಗಳಲ್ಲಿ, ಸ್ಟ್ರ್ಯಾಪ್ ಇಲ್ಲದೆ, ಚಾಕ್ ಮತ್ತು ಟೇಪ್‌ಗಳ ನೆರವಿನಲ್ಲಿ ಎತ್ತಬೇಕು. ನಿಯಮ ಹೀಗಿರುವುದರಿಂದ ಅಂಗೈ ಆರೈಕೆ ಮತ್ತು ಹಿಡಿತದ ವ್ಯಾಯಾಮಗಳು ಸ್ಪರ್ಧಿಯ ದೈನಂದಿನ ತರಬೇತಿಯ ಭಾಗವಾಗಿವೆ. ಜಿಮ್‌ಗೆ ಹೊಸದಾಗಿ ಸೇರುವವರಿಗೂ ಅದೇ ಕ್ರಮ ಅನ್ವಯಿಸುತ್ತದೆ: ಸರಿಯಾದ ಜಾಗದಲ್ಲಿ ಬಾರ್ ಹಿಡಿಯುವುದು, ಭಾರವನ್ನು ಹಂತಹಂತವಾಗಿ ಏರಿಸುವುದು, ಜಡ್ಡನ್ನು ಸಮವಾಗಿಡುವುದು ಮತ್ತು ಗಾಯ ಮಾಯುವವರೆಗೆ ಕೈಗೆ ಬಿಡುವು ಕೊಡುವುದು.